ಸೊನ್ನಲಿಗೆಯ ಸೊಲ್ಲು: ಸೊಲ್ಲಾಪುರ ನಗರದ ಪರಿಚಯ

ಮುಂಬಯಿಯಿಂದ ರಾತ್ರಿ ಹೊರಟು ಬೆಳಗಿನ ವೇಳೆಗೆ ಸೊಲ್ಲಾಪುರವನ್ನು ಮುಟ್ಟುವ ರೈಲಿಗೆ ‘ಸಿದ್ಧೇಶ್ವರ ಎಕ್ಸ್‌ಪ್ರೆಸ್’ ಎಂದು ಹೆಸರು. ಅದರಲ್ಲಿ ಪಯಣಿಸುವ ಬಹುಮಂದಿಗೆ ಅದು ಒಂದು ಊರಿನ ಗ್ರಾಮದೈವದ ಹೆಸರು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಾದರೋ ಅದು ಹನ್ನೆರಡನೆಯ ಶತಮಾನದ ವಚನಕಾರ ಸೊನ್ನಲಿಗೆಯ ಸಿದ್ಧರಾಮನ ಹೆಸರು. ಮಹಾರಾಷ್ಟ್ರದ ಒಂದು ಜಿಲ್ಲಾ ಕೇಂದ್ರವು ಕನ್ನಡದ ಕವಿಯೊಬ್ಬನನ್ನು ತನ್ನ ದೈವವನ್ನಾಗಿ ಪೂಜಿಸುತ್ತಿದೆ. ಅವನ ಜಾತ್ರೆಯನ್ನು ಕನ್ನಡ, ಮರಾಠಿ, ತೆಲುಗು ಭಾಷಿಕರು ಒಟ್ಟಾಗಿ ನಡೆಸುತ್ತಾರೆ. ಈ ಒಂದು ಸಂಗತಿಯೇ ಕನ್ನಡ ವಿದ್ಯಾರ್ಥಿಯು ಆ ನಗರವನ್ನು ಒಮ್ಮೆಯಾದರೂ ಕಾಣಬೇಕೆಂಬುದಕ್ಕೆ ಸಾಕಾದ ಕಾರಣವಾಗಿದೆ.

ಆದರೆ ಸೊಲ್ಲಾಪುರಕ್ಕೆ ಬಂದಿಳಿದವನಿಗೆ ಕನ್ನಡವು ಮೊದಲ ನೋಟಕ್ಕೆ ಕಾಣಿಸಿಕೊಳ್ಳುವುದಿಲ್ಲ. ಅಂಗಡಿಗಳ ಹಲಗೆಗಳು, ಕಚೇರಿಗಳ ಫಲಕಗಳು, ಗುಡಿಯ ಪ್ರಕಟಣೆಗಳು ಹೆಚ್ಚಾಗಿ ಮರಾಠಿಯಲ್ಲಿವೆ. ಇಲ್ಲಿಯ ಕನ್ನಡ ಕಿವಿಗೆ ಬೀಳುವ ಕನ್ನಡ. ಅದು ಮನೆತನಗಳ ಹೆಸರುಗಳಲ್ಲಿದೆ, ಹಬ್ಬದ ವಿಧಿಗಳ ಹೆಸರುಗಳಲ್ಲಿದೆ, ಮನೆಯೊಳಗಿನ ಮಾತಿನಲ್ಲಿದೆ. ಆದುದರಿಂದ ಈ ನಗರವನ್ನು ನೋಡಬಯಸುವವರು ಅದನ್ನು ಕೇಳುವುದಕ್ಕೂ ಸಿದ್ಧರಾಗಿರಬೇಕು. ಅಂತಹ ಸಂದರ್ಶಕರಿಗೆ ನಗರದ ಮುಖ್ಯ ನೆಲೆಗಳನ್ನು ಪರಿಚಯಿಸಿ, ಅಲ್ಲಿ ಗಮನಿಸಬೇಕಾದುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ನೆಲೆ ಮತ್ತು ಹೆಸರು

ಸೊಲ್ಲಾಪುರವು ಭೀಮಾ ಮತ್ತು ಸೀನಾ ನದಿಗಳ ಜಲಾನಯನ ಪ್ರದೇಶದಲ್ಲಿ, ದಖ್ಖನಿನ ಎತ್ತರದ ಬಯಲಿನ ಮೇಲಿರುವ ಊರು. ಮಳೆಯ ನೆರಳಿನ ಈ ಸೀಮೆಯಲ್ಲಿ ಕಪ್ಪು ಮಣ್ಣು ಹೇರಳ, ನೀರು ವಿರಳ. ಹಿಂಗಾರಿ ಜೋಳವೇ ಇಲ್ಲಿಯ ಮುಖ್ಯ ಬೆಳೆ. ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಇಲ್ಲಿಯ ಊಟದ ಗುರುತು. ಈ ಊಟದ ಎಲೆಯ ಮುಂದೆ ಕುಳಿತವನಿಗೆ ತಾನು ವಿಜಾಪುರದಲ್ಲಿರುವೆನೋ ಸೊಲ್ಲಾಪುರದಲ್ಲಿರುವೆನೋ ಎಂಬ ಭೇದ ತೋರದು. ಎರಡು ಊರುಗಳ ನಡುವಿನ ಅಂತರವೂ ಸುಮಾರು 100 ಕಿಲೋಮೀಟರ್ ಮಾತ್ರ.

ಊರಿನ ಹೆಸರಿಗೆ ಜನರು ಹೇಳುವ ವ್ಯುತ್ಪತ್ತಿಯೊಂದಿದೆ: ಹದಿನಾರು ಹಳ್ಳಿಗಳು ಕೂಡಿ ಆದ ಊರು, ಅಂದರೆ ‘ಸೋಲಾ’ ಪುರ. ಇದು ಕೇಳಲು ಸೊಗಸಾದರೂ ಪ್ರಾಚೀನ ಆಧಾರಗಳು ಬೇರೆಯದನ್ನು ಹೇಳುತ್ತವೆ. ಕನ್ನಡ ಕಾವ್ಯ ಮತ್ತು ಶಾಸನಗಳಲ್ಲಿ ಕಂಡುಬರುವ ಹೆಸರು ಸೊನ್ನಲಿಗೆ ಅಥವಾ ಸೊನ್ನಲಾಪುರ. ಈ ರೂಪವೇ ಕಾಲಕ್ರಮದಲ್ಲಿ ಸವೆದು ಸೊಲ್ಲಾಪುರವಾಯಿತೆಂದು ತಿಳಿಯುವುದು ಯುಕ್ತ. ಹದಿನಾರು ಹಳ್ಳಿಗಳ ಕಥೆಯು ಮೂಲ ಶಬ್ದದ ಅರ್ಥ ಮರೆತ ಮೇಲೆ ಹುಟ್ಟಿದ ವಿವರಣೆ. ಸೊಲ್ಲಾಪುರದಲ್ಲಿ ಕನ್ನಡಕ್ಕೆ ಒದಗಿರುವ ಸ್ಥಿತಿಯ ಸೂಚನೆ ಊರಿನ ಹೆಸರಿನಲ್ಲಿಯೇ ದೊರೆಯುತ್ತದೆ: ಶಬ್ದ ಉಳಿದಿದೆ, ಅದರ ನೆನಪು ಮಸಕಾಗಿದೆ.

೨. ಕೆರೆ ಮತ್ತು ಗುಡಿ

ಸಂದರ್ಶಕರು ಮೊದಲು ಹೋಗಬೇಕಾದುದು ಸಿದ್ಧೇಶ್ವರನ ಗುಡಿಗೆ. ಮೂರು ಕಡೆ ಕೆರೆಯ ನೀರು ಸುತ್ತಿಕೊಂಡಿರುವ ಈ ದೇವಾಲಯದ ಆವರಣದಲ್ಲಿಯೇ ಸಿದ್ಧರಾಮನ ಗದ್ದುಗೆಯಿದೆ. ಈಗಿನ ಕಟ್ಟಡವು ಬಹುಮಟ್ಟಿಗೆ ಈಚಿನ ಶತಮಾನಗಳದು. ಕೆರೆಯ ಕಥೆ ಮಾತ್ರ ಹನ್ನೆರಡನೆಯ ಶತಮಾನಕ್ಕೆ ಸೇರಿದ್ದು.

ಸಿದ್ಧರಾಮನ ಬಾಳನ್ನು ಕುರಿತು ಹದಿಮೂರನೆಯ ಶತಮಾನದಲ್ಲಿ ರಾಘವಾಂಕನು ‘ಸಿದ್ಧರಾಮ ಚಾರಿತ್ರ’ವನ್ನು ರಚಿಸಿದನು. ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾದ ಈ ಬಾಲಕನು ದನ ಕಾಯುತ್ತಿದ್ದಾಗ ಜಂಗಮರೂಪದ ಮಲ್ಲಯ್ಯನು ಬಂದು ಉಣಲು ಬೇಡುತ್ತಾನೆ. ಹುಡುಗನು ಮನೆಗೆ ಓಡಿಹೋಗಿ ಮೊಸರನ್ನವನ್ನು ತರುವಷ್ಟರಲ್ಲಿ ಜಂಗಮನಿಲ್ಲ. ಮಲ್ಲಯ್ಯನನ್ನು ಕೂಗುತ್ತ, ಅಳುತ್ತ, ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲಕ್ಕೆ ಹೋದ ಹುಡುಗನು ಅಲ್ಲಿ ಕಾಣದೆ ಕಮರಿಗೆ ಹಾರಲು ಮುಂದಾಗುತ್ತಾನೆ. ಶಿವನು ಕೈಹಿಡಿದು ತಡೆದು, ಊರಿಗೆ ಮರಳಿ ಅದನ್ನೇ ಶ್ರೀಶೈಲವನ್ನಾಗಿ ಮಾಡೆಂದು ಕಳುಹಿಸುತ್ತಾನೆ. ಊರಿಗೆ ಬಂದ ಸಿದ್ಧರಾಮನು ಗುಡಿ ಕಟ್ಟಿಸುತ್ತಾನೆ, ಲಿಂಗಗಳನ್ನು ಪ್ರತಿಷ್ಠಿಸುತ್ತಾನೆ, ಕೆರೆ ತೋಡಿಸುತ್ತಾನೆ.

ಈ ಕೆರೆಯ ದಂಡೆಯ ಮೇಲೆ ನಿಂತಾಗ ಇನ್ನೊಂದು ಪ್ರಸಂಗವನ್ನೂ ಸ್ಮರಿಸಬೇಕು. ಶೂನ್ಯಸಂಪಾದನೆಯ ಪರಂಪರೆಯಲ್ಲಿ, ಕೆರೆಯ ಕೆಲಸ ಸಾಗಿರುವಾಗ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು, ಸಿದ್ಧರಾಮನನ್ನು ಮಣ್ಣು ಹೊರುವ ಒಡ್ಡನೆಂದು ಹಂಗಿಸುತ್ತಾನೆ. ಗುರುನಿಂದೆಯನ್ನು ಸಹಿಸದ ಕೆಲಸಗಾರರು ಕಲ್ಲು ತೂರುತ್ತಾರೆ. ಬಳಿಕ ನಡೆದ ಸಂವಾದದ ಫಲವಾಗಿ ಸಿದ್ಧರಾಮನು ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗಿ, ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಹೊರಗಿನ ಕೆರೆ ಕಟ್ಟುವುದು ಹಿರಿದೋ ಒಳಗಿನ ಅರಿವು ಹಿರಿದೋ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ತತ್ತ್ವವಿಚಾರವಾಗಿ ಮಾತ್ರ ಓದಿದ ವಿದ್ಯಾರ್ಥಿಯು ಈ ಬರದ ಸೀಮೆಯಲ್ಲಿ ನೀರನ್ನು ಕಂಡಾಗ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಅರಿಯುತ್ತಾನೆ. ರಾಘವಾಂಕನು ಎತ್ತಿಹಿಡಿದ ಲೋಕೋಪಕಾರಿಯಾದ ಕರ್ಮಯೋಗಿಯನ್ನು ಜನರು ಏಕೆ ಮರೆಯಲಿಲ್ಲವೆಂಬುದಕ್ಕೆ ಇಲ್ಲಿಯ ನೆಲವೇ ಉತ್ತರ ಹೇಳುತ್ತದೆ. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತದ ವಚನಗಳು ಕಲ್ಯಾಣದ ಅನುಭವವನ್ನೂ ಸೊನ್ನಲಿಗೆಯ ಮಣ್ಣನ್ನೂ ಒಟ್ಟಿಗೆ ಬಲ್ಲವು.

೩. ಕೋಟೆ

ಕೆರೆಗೆ ಹೊಂದಿಕೊಂಡಂತೆಯೇ ನಗರದ ಕೋಟೆಯಿದೆ. ಬೆಟ್ಟದ ಆಸರೆಯಿಲ್ಲದೆ ಸಮತಟ್ಟಾದ ನೆಲದ ಮೇಲೆ ಕಟ್ಟಿದುದರಿಂದ ಇದನ್ನು ‘ಭುಯಿಕೋಟ’ ಎನ್ನುತ್ತಾರೆ. ಇದು ಮೂಲತಃ ಬಹಮನಿ ಕಾಲದ್ದು. ಎರಡು ಸುತ್ತಿನ ಗೋಡೆಗಳು ಇದರ ವೈಶಿಷ್ಟ್ಯ. ಒಳಗೆ, ಈಗಿನ ನೆಲಮಟ್ಟಕ್ಕಿಂತ ಕೆಳಗೆ, ಅಗೆದು ಬಿಡಿಸಿದ ಪ್ರಾಚೀನ ದೇವಾಲಯವೊಂದರ ಕಂಬಗಳೂ ತಳಹದಿಯೂ ಕಾಣಸಿಗುತ್ತವೆ. ಕಲ್ಯಾಣ ಚಾಲುಕ್ಯ ಕಾಲದ ಗುಡಿಗಳನ್ನು ಕಂಡವರಿಗೆ ಈ ಕಂಬಗಳ ಕಡೆತವು ಪರಿಚಿತವಾಗಿಯೇ ತೋರುತ್ತದೆ.

ಬಹಮನಿ ರಾಜ್ಯವು ಒಡೆದ ಮೇಲೆ ಈ ಕೋಟೆಯು ಅಹಮದನಗರದ ನಿಜಾಮಶಾಹಿ ಮತ್ತು ವಿಜಾಪುರದ ಆದಿಲಶಾಹಿಗಳ ನಡುವಣ ಕಲಹದ ವಸ್ತುವಾಯಿತು. ಅಹಮದನಗರದ ಚಾಂದಬೀಬಿಯನ್ನು ಒಂದನೆಯ ಅಲಿ ಆದಿಲಶಾಹನಿಗೆ ಕೊಟ್ಟು ಮದುವೆ ಮಾಡಿದಾಗ ಸೊಲ್ಲಾಪುರವನ್ನು ಬಳುವಳಿಯಾಗಿ ಒಪ್ಪಿಸಲಾಯಿತು. 1565ರ ರಕ್ಕಸತಂಗಡಿ ಯುದ್ಧಕ್ಕೆ ಮುನ್ನ ಸುಲ್ತಾನರನ್ನು ಒಂದುಗೂಡಿಸಿದ ಸಂಬಂಧಗಳಲ್ಲಿ ಇದೂ ಒಂದು. ವಿಜಯನಗರದ ಪತನದ ಕಥೆಯನ್ನು ಹಂಪಿಯಿಂದ ಮಾತ್ರ ನೋಡುವ ಅಭ್ಯಾಸವುಳ್ಳವರು ಈ ಕೋಟೆಯ ಬುರುಜಿನಿಂದಲೂ ಒಮ್ಮೆ ನೋಡಬೇಕು. 1668ರಲ್ಲಿ ಕೋಟೆಯು ಮೊಗಲರ ವಶವಾಯಿತು. 1686ರಲ್ಲಿ ವಿಜಾಪುರವನ್ನು ಗೆಲ್ಲುವ ಮುನ್ನ ಔರಂಗಜೇಬನು ಬೀಡುಬಿಟ್ಟಿದ್ದುದು ಸೊಲ್ಲಾಪುರದಲ್ಲಿಯೇ. ಮುಂದೆ ಪೇಶ್ವೆಯರ ಕೈಯಲ್ಲಿದ್ದ ಕೋಟೆಯನ್ನು 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋನ ಸೈನ್ಯವು ಗೆದ್ದುಕೊಂಡಿತು. ಆತನು ಬಾದಾಮಿ ಮತ್ತು ಬೆಳಗಾವಿಗಳನ್ನು ಹಿಡಿದು ಉತ್ತರಕ್ಕೆ ಸಾಗಿ ಬಂದಿದ್ದನೆಂಬುದು ಗಮನಾರ್ಹ. 1838ರಲ್ಲಿ ಸೊಲ್ಲಾಪುರದ ಆಡಳಿತ ವಿಭಾಗ ರಚಿತವಾದಾಗ ಬಾರ್ಶಿ, ಕರಮಾಳೆಗಳ ಜೊತೆಗೆ ಇಂಡಿ, ಮುದ್ದೇಬಿಹಾಳ ಸೀಮೆಗಳೂ ಅದರಲ್ಲಿ ಸೇರಿದ್ದವು. ಇಂದು ಅಚಲವೆಂಬಂತೆ ತೋರುವ ಗಡಿಗಳು ಎಷ್ಟು ಈಚಿನವೆಂಬುದು ಇದರಿಂದ ತಿಳಿಯುತ್ತದೆ.

೪. ಪೇಟೆ ಮತ್ತು ಗಿರಣಿ

ಹಳೆಯ ನಗರವು ಕಸಬಾ ಮತ್ತು ಪೇಟೆಗಳಾಗಿ ಹರಡಿಕೊಂಡಿದೆ. ಮಂಗಳವಾರ, ಬುಧವಾರ, ಶುಕ್ರವಾರ ಮುಂತಾಗಿ ವಾರದ ದಿನಗಳ ಹೆಸರನ್ನು ಪೇಟೆಗಳು ಹೊತ್ತಿವೆ. ಊರಬಾಗಿಲಿಗೆ ಇಲ್ಲಿ ‘ವೇಸ್’ ಎನ್ನುತ್ತಾರೆ. ವಿಜಾಪುರ ವೇಸ್, ತುಳಜಾಪುರ ವೇಸ್ ಎಂಬ ಹೆಸರುಗಳು ಹಳೆಯ ದಾರಿಗಳ ದಿಕ್ಕನ್ನು ಹೇಳುತ್ತವೆ.

1860ರಲ್ಲಿ ರೈಲು ಬಂದ ಮೇಲೆ ಊರಿನ ಬಾಳು ಬದಲಾಯಿತು. 1877ರಲ್ಲಿ ಸೊಲ್ಲಾಪುರ ನೂಲುವ ಮತ್ತು ನೇಯುವ ಗಿರಣಿ ಆರಂಭವಾಯಿತು. ಜನರು ಇದನ್ನು ‘ಜುನೀ ಗಿರಣಿ’, ಅಂದರೆ ಹಳೆಯ ಗಿರಣಿ ಎಂದು ಕರೆದರು. ಅನಂತರ ನರಸಿಂಗಗಿರಜಿ, ಲಕ್ಷ್ಮೀ, ವಿಷ್ಣು, ಜಾಮ್ ಗಿರಣಿಗಳು ಬಂದವು. ಸುತ್ತಣ ಹಳ್ಳಿಗಳ ಕನ್ನಡಿಗರೂ ಮರಾಠಿಗರೂ ಗಿರಣಿಗಳಿಗೆ ಬಂದರು. ತೆಲಂಗಾಣದ ಕಡೆಯಿಂದ ಪದ್ಮಶಾಲಿ ನೇಕಾರರು ಬಂದು ನೆಲೆಸಿ, ಊರಿನ ಪೂರ್ವಭಾಗದಲ್ಲಿ ತೆಲುಗು ಮನೆಮಾತಿನ ದೊಡ್ಡ ವಸತಿಯನ್ನೇ ಕಟ್ಟಿದರು. ಆ ದೊಡ್ಡ ಗಿರಣಿಗಳು ಈಗ ಒಂದೂ ನಡೆಯುತ್ತಿಲ್ಲ. ನೇಯ್ಗೆ ಮಾತ್ರ ಸಣ್ಣ ಮಗ್ಗಗಳಲ್ಲಿ ಉಳಿದುಕೊಂಡಿದೆ. ಸೊಲ್ಲಾಪುರದ ಚಾದರ ಮತ್ತು ಟವೆಲ್‌ಗಳಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ವ್ಯಾಪಾರದಿಂದ ಬೆಳೆದ ಮನೆತನಗಳ ಸಿರಿಯನ್ನು ಕಾಣಬಯಸುವವರು ‘ಇಂದ್ರಭುವನ’ವನ್ನು ನೋಡಬೇಕು. ವಾರದ ಮನೆತನದ ಮಲ್ಲಪ್ಪ ಅವರು ಕಟ್ಟಿಸಿದ ಈ ಭವ್ಯ ಕಟ್ಟಡವು ಮುಂದೆ ನಗರಪಾಲಿಕೆಯ ಕಚೇರಿಯಾಯಿತು.

ಗಿರಣಿಯ ಊರು ಸ್ವಾತಂತ್ರ್ಯ ಹೋರಾಟದಲ್ಲಿಯೂ ಮುಂದಾಯಿತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದಾಗ ನಗರವು ಕೆರಳಿತು. ಗೋಲಿಬಾರು ನಡೆಯಿತು. ಮೇ 12ರಿಂದ ಜೂನ್ 30ರವರೆಗೆ ಸೊಲ್ಲಾಪುರವನ್ನು ಸೈನಿಕ ಕಾನೂನಿನ ಅಡಿಯಲ್ಲಿ ಇರಿಸಲಾಯಿತು. 1931ರ ಜನವರಿ 12ರಂದು ಯೆರವಡಾ ಕಾರಾಗೃಹದಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಹುತಾತ್ಮರ ಪ್ರತಿಮೆಗಳ ಮುಂದೆ ನಿಂತು ಈ ನಾಲ್ಕು ಹೆಸರುಗಳನ್ನು ಉಚ್ಚರಿಸಿದರೆ ಸೊಲ್ಲಾಪುರದ ಜನಜೀವನದ ಪರಿಚಯವೇ ಆದಂತೆ. ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟಣೀಸ್ ಅವರೂ ಈ ಊರಿನವರೇ. ಅವರ ಸ್ಮಾರಕವೂ ನಗರದಲ್ಲಿದೆ.

೫. ಜಾತ್ರೆಯ ಭಾಷೆ

ಮಕರ ಸಂಕ್ರಾಂತಿಯ ಸಮಯದಲ್ಲಿ ನಡೆಯುವ ಸಿದ್ಧೇಶ್ವರನ ಜಾತ್ರೆಯು ಊರಿನ ಬಹುದೊಡ್ಡ ಉತ್ಸವ. ಇದನ್ನು ‘ಗಡ್ಡಾ ಯಾತ್ರೆ’ ಎಂದು ಕರೆಯುತ್ತಾರೆ. ಜನಪರಂಪರೆಯು ಇದರ ಹಿಂದಿನ ಕಥೆಯನ್ನು ಹೀಗೆ ಹೇಳುತ್ತದೆ: ದಿನವೂ ಸಿದ್ಧರಾಮನ ಅಂಗಳವನ್ನು ಸಾರಿಸಿ ರಂಗವಲ್ಲಿ ಹಾಕುತ್ತಿದ್ದ ಕುಂಬಾರರ ಕನ್ಯೆಯೊಬ್ಬಳು ಅವನನ್ನೇ ವರಿಸಬೇಕೆಂದು ಬಯಸಿದಳು. ಯೋಗಿಯಾದ ಸಿದ್ಧರಾಮನು ಅದಕ್ಕೆ ಒಪ್ಪದೆ, ತನ್ನ ಯೋಗದಂಡದೊಡನೆ ವಿವಾಹವಾಗಲು ಸಮ್ಮತಿಸಿದನು. ಈ ವಿವಾಹವೇ ವರ್ಷವರ್ಷವೂ ನಡೆಯುತ್ತದೆ. ಯೋಗದಂಡದ ಪ್ರತೀಕವಾಗಿ, ಬಹು ಎತ್ತರದ ಬಿದಿರಿನ ಕೋಲುಗಳನ್ನು ಸಿಂಗರಿಸಿ, ನೆಟ್ಟಗೆ ಹಿಡಿದು ಮೆರೆಸುತ್ತಾರೆ. ಇವು ಏಳು ನಂದಿಧ್ವಜಗಳು. ಇವುಗಳ ಮಾನವು ಬೇರೆ ಬೇರೆ ಸಮುದಾಯಗಳಿಗೆ ಸಂದಿದೆ. ಹೊರುವವರು ಬಿಳಿಯ ಬಾರಾಬಂದಿ ಅಂಗಿಯನ್ನು ತೊಡುತ್ತಾರೆ.

ಮೆರವಣಿಗೆಯು ಉತ್ತರ ಕಸಬಾದ ಹಿರೇಹಬ್ಬು ಮನೆತನದ ವಾಡೆಯಿಂದ ಹೊರಡುತ್ತದೆ. ‘ಹಿರೇಹಬ್ಬು’ ಎಂಬ ಹೆಸರೇ ಅಚ್ಚಗನ್ನಡದ್ದು. ಮೊದಲನೆಯ ದಿನ ನಂದಿಧ್ವಜಗಳು ಸಿದ್ಧರಾಮನು ಸ್ಥಾಪಿಸಿದನೆಂದು ನಂಬಲಾದ 68 ಲಿಂಗಗಳನ್ನು ಸುತ್ತಿ ಬರುತ್ತವೆ, ಲಿಂಗಗಳಿಗೆ ಎಣ್ಣೆಯ ಅಭಿಷೇಕ ನಡೆಯುತ್ತದೆ. ಮರಾಠಿ ಮಾತನಾಡುವ ಭಕ್ತರೂ ಇದನ್ನು ‘ಯಣ್ಣೀಮಜ್ಜನ’ ಎನ್ನುತ್ತಾರೆ. ಇದು ಕನ್ನಡದ ‘ಎಣ್ಣೆಮಜ್ಜನ’ವೇ ಹೊರತು ಬೇರಲ್ಲ. ಮರುದಿನ ಅಕ್ಷತೆಯ ಸಮಾರಂಭ. ಅದು ನಡೆಯುವ ಸ್ಥಳ ‘ಸಮ್ಮತಿ ಕಟ್ಟಾ’, ಅಂದರೆ ಸಮ್ಮತಿಯ ಕಟ್ಟೆ. ಅಲ್ಲಿ ‘ಸಮ್ಮತಿ’ಯನ್ನು ಓದುವುದು ಕನ್ನಡದಲ್ಲಿ. ಹೋಮ, ಮದ್ದಿನ ಬೆಳಕುಗಳ ಬಳಿಕ ಜಾತ್ರೆಯು ‘ಕಪ್ಪಡಕಳ್ಳಿ’ ಎಂಬ ವಿಧಿಯಿಂದ ಮುಗಿಯುತ್ತದೆ. ಅಂದು ನಂದಿಧ್ವಜಗಳ ವಸ್ತ್ರಾಲಂಕಾರವನ್ನು ತೆಗೆಯುತ್ತಾರೆ. ಕಪ್ಪಡವೆಂದರೆ ಬಟ್ಟೆ, ಕಳೆಯುವುದೆಂದರೆ ತೆಗೆಯುವುದು. ಹಳಗನ್ನಡ ಕಾವ್ಯಗಳಲ್ಲಿ ನಿಘಂಟಿನ ನೆರವಿನಿಂದ ಓದುವ ‘ಕಪ್ಪಡ’ ಎಂಬ ಶಬ್ದವು ಸೊಲ್ಲಾಪುರದ ಬೀದಿಯಲ್ಲಿ ಕನ್ನಡ ಬಾರದವರ ಬಾಯಲ್ಲಿಯೂ ಜೀವಂತವಾಗಿದೆ.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಆಚರಣೆಯ ಭಾಷೆಯು ಆಡಳಿತದ ಭಾಷೆಗಿಂತ ದೀರ್ಘಾಯುವಾದುದು. ಬಹಮನಿ, ಆದಿಲಶಾಹಿ, ಮೊಗಲ, ಮರಾಠಾ, ಇಂಗ್ಲಿಷ್ ಆಳ್ವಿಕೆಗಳು ಬಂದು ಹೋದರೂ ಈ ಪದಗಳು ಉಳಿದವು. ಎರಡನೆಯದು, ಅವನ್ನು ಉಳಿಸಿದವರು ಕನ್ನಡಿಗರು ಮಾತ್ರವಲ್ಲ. ಅರ್ಥ ತಿಳಿಯದಿದ್ದರೂ ಶಬ್ದವನ್ನು ಪವಿತ್ರವೆಂದು ಕಾಪಾಡಿದ ಮರಾಠಿ ಮತ್ತು ತೆಲುಗು ಭಾಷಿಕರಿಗೂ ಕನ್ನಡವು ಋಣಿಯಾಗಿದೆ. ಸೊಲ್ಲಾಪುರವು ಯಾರದೆಂಬ ವಾದದಲ್ಲಿ ತೊಡಗುವವರು ಎರಡೂ ಕಡೆಗಳಲ್ಲಿ ಮರೆಯುವ ಸಂಗತಿ ಇದು.

೬. ನುಡಿ ಮತ್ತು ಲಿಪಿ

ಆದರೂ ಶಬ್ದ ಉಳಿದರೆ ಭಾಷೆ ಉಳಿದಂತಾಯಿತೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಸೊಲ್ಲಾಪುರದ ಎಷ್ಟೋ ಮನೆಗಳಲ್ಲಿ ಹಿರಿಯರು ಕನ್ನಡವನ್ನಾಡುತ್ತಾರೆ, ಮರಾಠಿಯಲ್ಲಿ ಓದು ಬರಹ ಮಾಡುತ್ತಾರೆ. ಇಂತಹ ಮನೆಯ ಮಗುವಿಗೆ ಕನ್ನಡವು ಕಿವಿಯ ಭಾಷೆ, ಕಣ್ಣಿನ ಭಾಷೆಯಲ್ಲ. ಸಿದ್ಧರಾಮನ ಗದ್ದುಗೆಗೆ ನಮಸ್ಕರಿಸುವ ಆ ಮಗುವು ಸಿದ್ಧರಾಮನ ವಚನವನ್ನು ಅನುವಾದದಲ್ಲಿ ಮಾತ್ರ ಓದಬೇಕಾಗುತ್ತದೆ. ಲಿಪಿಯಿಲ್ಲದೆ ಉಳಿದ ನುಡಿಯು ಮೂರನೆಯ ತಲೆಮಾರಿಗೆ ವಿಧಿಗಳ ಹೆಸರಾಗಿ ಮಾತ್ರ ಉಳಿಯಬಹುದೆಂಬ ಆತಂಕಕ್ಕೆ ಅವಕಾಶವಿದೆ.

ಈ ಸ್ಥಿತಿಯನ್ನು ಮೀರಿ ನಿಂತವರ ಉದಾಹರಣೆಯನ್ನೂ ಇದೇ ನಗರ ಒದಗಿಸಿದೆ. 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆ ಅವರ ಮನೆಮಾತು ಕನ್ನಡ, ಶಾಲೆಯ ಓದು ಮರಾಠಿ. ಕನ್ನಡದ ಅಕ್ಷರವನ್ನು ಅವರು ಸ್ವಪ್ರಯತ್ನದಿಂದ ಸಾಧಿಸಿಕೊಂಡರು. ಎರಡೂ ಭಾಷೆಗಳಲ್ಲಿ ಬರೆದರು. ತಮ್ಮ ಊರಿನ ಸಿದ್ಧರಾಮನನ್ನು ಕುರಿತು ತ್ರಿಪದಿಯಲ್ಲಿ ಪುರಾಣವನ್ನು ರಚಿಸಿದರು, ಶರಣ ಸಾಹಿತ್ಯವನ್ನು ಮರಾಠಿಗೆ ಕೊಂಡೊಯ್ದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಗಡಿಯಾಚೆಯ ನಗರದಿಂದ, ಕನ್ನಡ ಶಾಲೆಯ ಆಸರೆಯಿಲ್ಲದೆ ಬಂದವರಿಗೆ ಈ ಗೌರವ ಮೊದಲು ಸಂದಿತೆಂಬುದನ್ನು ಹೊರನಾಡಿನ ಕನ್ನಡ ವಿದ್ಯಾರ್ಥಿಗಳು ವಿಶೇಷವಾಗಿ ನೆನೆಯಬೇಕು.

ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮರಾಠಿ ಮನೆಮಾತಿನ ಬೇಂದ್ರೆಯವರು ಕನ್ನಡದ ವರಕವಿಯಾದರು, ಕನ್ನಡ ಮನೆಮಾತಿನ ಜಯದೇವಿತಾಯಿಯವರು ಮರಾಠಿಯಲ್ಲಿಯೂ ಬರೆದರು. ಒಂದೇ ನಗರದಲ್ಲಿ ಒಂದೇ ಕಾಲಕ್ಕೆ ನಡೆದ ಈ ಎರಡು ಸಾಧನೆಗಳನ್ನು ಜೊತೆಗಿಟ್ಟು ನೋಡಬೇಕು. 1950ರ ಕನ್ನಡ ಸಾಹಿತ್ಯ ಸಮ್ಮೇಳನವು ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿಯೇ ಸೇರಿತು. ಆಗ ಧಾರವಾಡ, ವಿಜಾಪುರ, ಸೊಲ್ಲಾಪುರಗಳು ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೊದಲಿನ ಎರಡು ಮೈಸೂರು ರಾಜ್ಯಕ್ಕೆ ಸೇರಿದವು. ಸೊಲ್ಲಾಪುರವು ಮುಂಬಯಿಯಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು.

೭. ಸುತ್ತಣ ನೆಲೆಗಳು

ಎರಡು ದಿನಗಳ ಬಿಡುವುಳ್ಳವರು ನಗರದ ಆಚೆಗೂ ಹೋಗಬೇಕು. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ, ಭೀಮಾ ಮತ್ತು ಸೀನಾ ನದಿಗಳು ಕೂಡುವಲ್ಲಿ ಹತ್ತರಸಂಗ ಕೂಡಲವಿದೆ. ‘ಕೂಡಲ’ವೆಂಬ ಹೆಸರೇ ಸಂಗಮವನ್ನು ಕನ್ನಡದಲ್ಲಿ ಹೇಳುತ್ತದೆ. ಇಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ, ಶಾಸನದಲ್ಲಿ ಮರಾಠಿಯ ಅತಿ ಪ್ರಾಚೀನ ವಾಕ್ಯಗಳಲ್ಲೊಂದು ದೊರೆತಿದೆ. ಮರಾಠಿಯ ಮತ್ತೊಂದು ಪ್ರಾಚೀನ ಶಾಸನವಾಕ್ಯವಿರುವುದು ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ. ಕನ್ನಡ ಹೆಸರಿನ ಕ್ಷೇತ್ರಗಳೇ ಮರಾಠಿಯ ಮೊದಲ ಅಕ್ಷರಗಳನ್ನು ಕಾಪಾಡಿರುವುದು ಎರಡು ಭಾಷೆಗಳ ನೆರೆಹೊರೆಯನ್ನು ಚೆನ್ನಾಗಿ ತೋರಿಸುತ್ತದೆ. ಪಶ್ಚಿಮಕ್ಕೆ ಮಂಗಳವೇಢೆಯಿದೆ. ಅದು ಕಲಚುರಿ ಬಿಜ್ಜಳನ ಮೊದಲ ನೆಲೆ, ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಕಾಯಕ ಮಾಡಿದ ಊರು. ಅದರಾಚೆ ಪಂಢರಪುರವಿದೆ. ರೈಲಿನಲ್ಲಿ ಮುಂದುವರಿಯುವವರಿಗೆ ಹೋಟಗಿ ಜಂಕ್ಷನ್ನಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ವಿಜಯಪುರ, ಗದಗಗಳ ಕಡೆಗೆ, ಇನ್ನೊಂದು ಕಲಬುರಗಿಯ ಕಡೆಗೆ.

೮. ಅಧ್ಯಯನಕ್ಕೆ ಕೆಲವು ಸೂಚನೆಗಳು

ಅಧ್ಯಯನ ಪ್ರವಾಸಕ್ಕೆ ಬರುವ ವಿದ್ಯಾರ್ಥಿಗಳು ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಒಂದು, ಜಾತ್ರೆಗೆ ಸಂಬಂಧಿಸಿದ ಪದಗಳನ್ನು ಕನ್ನಡ, ಮರಾಠಿ, ತೆಲುಗು ಭಾಷಿಕರಿಂದ ಬೇರೆಬೇರೆಯಾಗಿ ಕೇಳಿ, ಉಚ್ಚಾರ ಮತ್ತು ಅರ್ಥಗಳ ವ್ಯತ್ಯಾಸವನ್ನು ಗುರುತಿಸುವುದು. ಎರಡು, 68 ಲಿಂಗಗಳ ದಾರಿಯನ್ನು ನಡೆದು, ಸ್ಥಳನಾಮಗಳ ಪಟ್ಟಿ ಮಾಡುವುದು. ಮೂರು, ಮನೆಯಲ್ಲಿ ಕನ್ನಡವನ್ನಾಡಿ ಮರಾಠಿಯಲ್ಲಿ ಬರೆಯುವ ಹಿರಿಯರಿಂದ ಹಾಡು, ಗಾದೆ, ಕಥೆಗಳನ್ನು ಸಂಗ್ರಹಿಸಿ, ಅದರ ಒಂದು ಪ್ರತಿಯನ್ನು ಕನ್ನಡ ಅಕ್ಷರದಲ್ಲಿ ಆ ಮನೆಗೇ ಕೊಡುವುದು. ಕೊನೆಯದು ಮರೆಯಬಾರದ ಕೆಲಸ. ಸಂಗ್ರಹವು ವಿಶ್ವವಿದ್ಯಾಲಯದ ಕಪಾಟನ್ನು ಸೇರಿ, ಹೇಳಿದವರ ಮನೆಗೆ ಏನೂ ತಿರುಗಿ ಬರದಿದ್ದರೆ ನಷ್ಟವು ಇನ್ನಷ್ಟು ಹೆಚ್ಚುತ್ತದೆ.

ಸಿದ್ಧರಾಮನು ಶ್ರೀಶೈಲದಿಂದ ಬರಿಗೈಯಲ್ಲಿ ಮರಳಲಿಲ್ಲ. ತನ್ನ ಊರನ್ನೇ ಶ್ರೀಶೈಲವಾಗಿಸುವ ಕೆಲಸವನ್ನು ಹೊತ್ತು ಬಂದನು. ಸೊಲ್ಲಾಪುರವನ್ನು ನೋಡಿ ಮರಳುವ ವಿದ್ಯಾರ್ಥಿಯೂ ಮುಂಬಯಿಯಲ್ಲಿರಲಿ, ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ತನ್ನ ನೆರೆಯಲ್ಲಿ ಕನ್ನಡವನ್ನಾಡಬಲ್ಲ, ಓದಲಾರದ ಒಂದು ಮಗುವನ್ನು ಕಂಡಾನು. ಆ ಮಗುವಿಗೆ ಅಕ್ಷರವನ್ನು ಕಲಿಸುವುದು ಈ ಪ್ರವಾಸದ ಸಾರ್ಥಕವಾದ ಮುಕ್ತಾಯವೆನಿಸುತ್ತದೆ.